ಬೋಲ್ಗಾಟ್ಟಿ: ಕಡವು ದಾಟಿ ಉಣ್ಣುವ ಮನೆ

ವ್ಯಾಜ್ಯದ ಕೆಲಸಕ್ಕೆಂದು ಎರ್ನಾಕುಳದ ಹೈಕೋರ್ಟಿಗೆ ಹೋಗುವುದು 1956ರ ನವೆಂಬರದ ಬಳಿಕ ನಮ್ಮ ಗಡಿನಾಡಿನವರಿಗೆ ರೂಢಿಯಾಯಿತು. ಅಲ್ಲಿನ ದಂಡೆಯಲ್ಲಿ ನಿಂತರೆ ಹಿನ್ನೀರಿನ ಆಚೆಗೆ ಬೋಲ್ಗಾಟ್ಟಿ ದ್ವೀಪ ಕಾಣುತ್ತದೆ. ಅದರ ತುದಿಯಲ್ಲಿ 1744ರಲ್ಲಿ ಡಚ್ಚರು ಕಟ್ಟಿಸಿದ ಭವನವೊಂದಿದೆ. ಜನ ಅದನ್ನು ಅರಮನೆ ಎನ್ನುತ್ತಾರೆ. ಕಟ್ಟಿಸಿದವರು ಮಾತ್ರ ಅರಸರಲ್ಲ, ವ್ಯಾಪಾರಿಗಳು.

ಡಚ್ಚರು ಕೊಚ್ಚಿಯನ್ನು ಪೋರ್ಚುಗೀಸರಿಂದ ಗೆದ್ದುದು 1663ರಲ್ಲಿ. 1795ರಲ್ಲಿ ಅದು ಇಂಗ್ಲಿಷರ ವಶವಾಯಿತು. ಮುಂದೆ ಈ ಭವನ ಬ್ರಿಟಿಷ್ ರೆಸಿಡೆಂಟರ ನಿವಾಸವಾಯಿತು. ಸ್ವಾತಂತ್ರ್ಯಾನಂತರ ಸರಕಾರದ ಸ್ವತ್ತಾಗಿ, ಪ್ರವಾಸಿಗರಿಗೆ ಊಟ ವಸತಿ ಒದಗಿಸುವ ಹೋಟೆಲಾಯಿತು. ಯಜಮಾನರು ಬದಲಾದಂತೆ ಮೇಜಿನ ಮೇಲಿನ ಭಾಷೆಯೂ ಬದಲಾಯಿತು.

ಆದರೆ ಬಟ್ಟಲಿನ ಅನ್ನಕ್ಕೆ ಬೇರೆಯೇ ಕತೆಯಿದೆ. ಮಲಬಾರಿನಲ್ಲಿ ಬೆಳೆದ ಭತ್ತ ಅಲ್ಲಿಯ ಜನಕ್ಕೆ ಸಾಲುತ್ತಿರಲಿಲ್ಲ. ಮೆಣಸು ಕೊಳ್ಳಲು ಬಂದ ಪರದೇಶಿಗಳೂ ಅಕ್ಕಿಗಾಗಿ ಬಸ್ರೂರು, ಮಂಗಳೂರುಗಳ ಕಡೆಗೆ ನೋಡಬೇಕಾಗಿತ್ತು. ಬಸ್ರೂರಿನಲ್ಲಿ ಡಚ್ಚರು ಕೋಠಿಯನ್ನೇ ಇಟ್ಟಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಈ ಕರಾವಳಿಯ ಬಹುಭಾಗ ಕೆಳದಿ ಅರಸರದು. ಕನ್ನಡ ಜಿಲ್ಲೆಯ ಗದ್ದೆಯ ಅಕ್ಕಿ ಪತ್ತೇಮಾರಿ ಹತ್ತಿ ಮಲಬಾರಿನ ಬಂದರುಗಳಿಗೆ ಇಳಿಯುತ್ತಿತ್ತು. ಮಲಯಾಳ ನಾಡಿನೊಡನೆ ನಮ್ಮ ನಂಟು ರಾಜ್ಯ ಪುನರ್ವಿಂಗಡಣೆಯಿಂದ ಹುಟ್ಟಿದ್ದಲ್ಲ. ಅದು ಒಲೆಯ ಮೇಲಿನ ಅಕ್ಕಿಯಷ್ಟು ಹಳೆಯದು.

ಈ ಭವನಕ್ಕೆ ಹೋಗಲು ಬಹುಕಾಲ ದೋಣಿಯೇ ದಾರಿ. ಉಣ್ಣಲು ಬರುವ ಅತಿಥಿಗೆ ಆ ಸವಾರಿ ಊಟದ ಮೊದಲಿನ ಸೊಗಸು. ಅದೇ ದ್ವೀಪದಲ್ಲಿ ಹುಟ್ಟಿ ಬೆಳೆದವರಿಗೆ ಅದು ನಿತ್ಯದ ತೊಡಕು. ಶಾಲೆಗೆ ಹೋಗುವ ಮಗು, ಹೆರಿಗೆಗೆ ಹೊರಟ ಹೆಂಗಸು, ಮೀನಿನ ಬುಟ್ಟಿ ಹೊತ್ತವರು, ಎಲ್ಲರೂ ಕಡವಿನಲ್ಲಿ ಕಾಯಬೇಕಿತ್ತು. ಸೇತುವೆ ಬೇಕೆಂದು ದ್ವೀಪಗಳವರು ವರ್ಷಗಟ್ಟಲೆ ಕೇಳಿದರು. 2004ರಲ್ಲಿ ಗೋಶ್ರೀ ಸೇತುವೆಗಳು ತೆರೆದು ಬೋಲ್ಗಾಟ್ಟಿ, ವಲ್ಲಾರ್ಪಾಡಂ, ವೈಪಿನ್‌ಗಳು ಎರ್ನಾಕುಳಕ್ಕೆ ಸೇರಿದವು. ದೋಣಿಯ ಸೊಗಸು ಕಡಮೆಯಾಯಿತೆಂದು ಮರುಗುವವರು ಈ ಕಾಯುವಿಕೆಯನ್ನೂ ನೆನೆಯಬೇಕು.

ಆ ದ್ವೀಪಕ್ಕೆ ಇನ್ನೊಂದು ಹೆಸರುಂಟು, ಪೊಂಜಿಕ್ಕರ. ಮಲಯಾಳದ ಲೇಖಕ ಪೊಂಜಿಕ್ಕರ ರಾಫಿಯವರು ಅದನ್ನು ತಮ್ಮ ಹೆಸರಿನೊಡನೆ ಇರಿಸಿಕೊಂಡರು. ಪ್ರವಾಸಿ ಪುಸ್ತಕಗಳಲ್ಲಿ ಡಚ್ಚರ ಭವನವಿದೆ, ರೆಸಿಡೆಂಟರಿದ್ದಾರೆ. ಅಡುಗೆ ಮಾಡಿದವರ, ಹುಟ್ಟು ಹಾಕಿದವರ ಊರು ಸಾಹಿತ್ಯದೊಳಗೆ ಉಳಿದದ್ದು ಈ ಹೆಸರಿನಿಂದ. ಊರಿನ ಹೆಸರನ್ನು ಊರವರೇ ಬರೆದಿಡಬೇಕೆಂಬುದು, ಬೋರ್ಡುಗಳಲ್ಲಿ ತಮ್ಮ ಹಳ್ಳಿಗಳ ಹೆಸರು ಮಾರ್ಪಡುವುದನ್ನು ಕಂಡ ನಮಗೆ ಬೇಗ ಅರ್ಥವಾಗುವ ಮಾತು. ಇನ್ನೊಮ್ಮೆ ಹೈಕೋರ್ಟಿನ ಕೆಲಸ ಬೇಗ ಮುಗಿದರೆ, ಓದುಗರು ಆ ದ್ವೀಪಕ್ಕೂ ಹೋಗಿ ಬರಲಿ. ಪೊಂಜಿಕ್ಕರಕ್ಕೆ ದಾರಿ ಯಾವುದೆಂದು ಅಲ್ಲಿಯವರನ್ನು ಕೇಳಲಿ.