ಚದುರಂಗದ ಕಾಡು, ಗೂಬೆ ಮತ್ತು ಲೈಬ್ರರಿ

ಗೂಗಲ್ ಮ್ಯಾಪಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ರೋಸ್‌ಬರ್ಗ್ ಅನ್ನೋ ಊರು ಹುಡುಕಿ, ಸ್ಯಾಟಲೈಟ್ ಚಿತ್ರ ಹಾಕಿಕೊಂಡು, ಸ್ವಲ್ಪ ಪಶ್ಚಿಮಕ್ಕೆ ಸರಿಸಿ ನೋಡಿ. ಕಾಡು ಚದುರಂಗದ ಮಣೆಯ ಥರ ಕಾಣುತ್ತೆ. ಒಂದು ಚೌಕ ದಟ್ಟ ಹಸಿರು, ಪಕ್ಕದ್ದು ಬೋಳು. ಮೊದಲ ಸಲ ನೋಡಿದಾಗ ಚಿತ್ರ ಸರಿಯಾಗಿ ಲೋಡ್ ಆಗಿಲ್ಲ ಅಂದುಕೊಂಡಿದ್ದೆ :) ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ. ಅದರ ಹಿಂದೆ ನೂರೈವತ್ತು ವರ್ಷದ ಕಥೆಯಿದೆ.

1866ರಲ್ಲಿ ಆರೆಗಾನ್‌ನಿಂದ ಕ್ಯಾಲಿಫೋರ್ನಿಯಾಗೆ ರೈಲುಹಳಿ ಹಾಕಲು ಹಣದ ಬದಲು ಜಮೀನು ಕೊಟ್ಟರು. ಹಳಿಯ ಎರಡೂ ಕಡೆ ಒಂದು ಚದರ ಮೈಲಿಯ ಚೌಕಗಳು, ಒಂದು ಬಿಟ್ಟು ಒಂದು. ಷರತ್ತು ಏನಪ್ಪಾ ಅಂದರೆ, ಬಂದು ನೆಲೆಸುವ ರೈತರಿಗೆ ಮಾತ್ರ ಮಾರಬೇಕು, ಒಬ್ಬರಿಗೆ 160 ಎಕರೆ ಮೀರಬಾರದು, ಎಕರೆಗೆ ಎರಡೂವರೆ ಡಾಲರ್ ಮೀರಬಾರದು. ಕಂಪನಿ ಷರತ್ತು ಪಾಲಿಸಲಿಲ್ಲ, ನಾಟಾ ವ್ಯಾಪಾರಿಗಳಿಗೆ ಸಗಟಾಗಿ ಮಾರಿತು. ದೊಡ್ಡ ಹಗರಣವಾಗಿ, 1905ರಲ್ಲಿ ಸೆನೆಟರ್ ಒಬ್ಬರಿಗೇ ಶಿಕ್ಷೆಯಾಯಿತು. ಕಡೆಗೆ 1916ರಲ್ಲಿ ಸುಮಾರು 28 ಲಕ್ಷ ಎಕರೆಯನ್ನು ಕೇಂದ್ರ ಸರ್ಕಾರ ವಾಪಸ್ ತಗೊಂಡಿತು.

ನ್ಯಾಯ ಸಿಕ್ಕಿತು ಅನ್ನಿಸುತ್ತೆ ಅಲ್ವಾ? ಆದರೆ ಪೆಟ್ಟು ಬಿದ್ದದ್ದು ಕೌಂಟಿಗಳಿಗೆ. ರೈಲು ಕಂಪನಿಯ ಜಮೀನಿಗೆ ತೆರಿಗೆ ಹಾಕಬಹುದಿತ್ತು, ಕೇಂದ್ರ ಸರ್ಕಾರದ ಜಮೀನಿಗೆ ಹಾಕುವ ಹಾಗಿಲ್ಲ. ರಸ್ತೆ, ಶಾಲೆ, ಪೊಲೀಸು ಎಲ್ಲ ಕೌಂಟಿಯದೇ ತಲೆನೋವು. ಅದಕ್ಕೆ ಪರಿಹಾರವಾಗಿ 1937ರಲ್ಲಿ ಒಂದು ಕಾಯಿದೆ ಬಂತು: ಈ ಕಾಡಿನ ಮರ ಮಾರಿದ ಹಣದಲ್ಲಿ ಅರ್ಧ ಆ 18 ಕೌಂಟಿಗಳಿಗೆ, ಅದೂ ಹೇಗೆ ಬೇಕಾದರೂ ಖರ್ಚು ಮಾಡಬಹುದು. ದೇಶದ ಉಳಿದ ರಾಷ್ಟ್ರೀಯ ಅರಣ್ಯಗಳಿಗೆ 1908ರಿಂದಲೇ ಬೇರೆ ನಿಯಮವಿತ್ತು: ಕಾಲು ಭಾಗ, ಶಾಲೆ ಮತ್ತು ರಸ್ತೆಗೆ ಮಾತ್ರ.

ಮಲೆನಾಡಿನ ಕಡೆಯವನಾದ ನನಗೆ ‘ನಾಟಾ ದುಡ್ಡು’ ಅಂದರೆ ನೆನಪಾಗೋದು ರಾತ್ರಿ ಹೊತ್ತು ದೀಪ ಆರಿಸಿಕೊಂಡು ಹೋಗುವ ಲಾರಿಗಳು. ಇಲ್ಲಿ ಆ ದುಡ್ಡಿನಲ್ಲಿ ಲೈಬ್ರರಿ ನಡೆಯುತ್ತಿತ್ತು! ಎರಡನೇ ಮಹಾಯುದ್ಧದ ನಂತರ ಊರೂರಲ್ಲಿ ಮನೆ ಕಟ್ಟುವ ಭರಾಟೆ, ಮರಕ್ಕೆ ಬೇಡಿಕೆಯೋ ಬೇಡಿಕೆ. ಕೌಂಟಿಗಳು ಜನರಿಂದ ತೆರಿಗೆ ಹೆಚ್ಚು ಕೇಳುವ ಅಗತ್ಯವೇ ಬೀಳಲಿಲ್ಲ. ಹೆಚ್ಚು ಮರ ಬಿದ್ದಷ್ಟೂ ಹೆಚ್ಚು ಸೌಕರ್ಯ. ಇಂಥ ವ್ಯವಸ್ಥೆಯನ್ನು ಯಾವ ಪುಣ್ಯಾತ್ಮ ಡಿಸೈನ್ ಮಾಡಿದನೋ!

1990ರಲ್ಲಿ ಹಳೇ ಕಾಡುಗಳಲ್ಲಿ ಬದುಕುವ ಚುಕ್ಕೆ ಗೂಬೆ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. 1991ರಲ್ಲಿ ನ್ಯಾಯಾಲಯ ಮರ ಮಾರಾಟಕ್ಕೆ ತಡೆ ಹಾಕಿತು. ಆದಾಯ ಕುಸಿಯಿತು. ಸರಿ, ತೆರಿಗೆ ಏರಿಸಿಕೊಳ್ಳಲಿ ಅಂದಿರಾ? ಆಗಲೇ ಇನ್ನೊಂದು ಗಂಟು ಬಿತ್ತು. 1997ರಲ್ಲಿ ಆರೆಗಾನ್ ಮತದಾರರು ಆಸ್ತಿ ತೆರಿಗೆಯ ದರವನ್ನು ಇದ್ದಲ್ಲಿಗೇ ಕಟ್ಟಿಹಾಕಿದರು. ನಾಟಾ ದುಡ್ಡಿನ ಕಾಲದ ಕಡಿಮೆ ದರವೇ ಶಾಶ್ವತವಾಯಿತು. ಜೋಸೆಫೀನ್ ಕೌಂಟಿಯದು ಸಾವಿರ ಡಾಲರಿಗೆ ಬರೀ 58 ಸೆಂಟ್. ನನ್ನ ಪ್ರಕಾರ ಆ ಕೌಂಟಿಗಳಿಗೆ ಗೂಬೆಗಿಂತ ದೊಡ್ಡ ಹೊಡೆತ ಇದೇ. ಆದರೆ ಬೈಗುಳ ಪೂರ್ತಿ ಗೂಬೆಗೆ.

2000ದಲ್ಲಿ ಸೆನೆಟರುಗಳಾದ ರಾನ್ ವೈಡನ್ ಮತ್ತು ಲ್ಯಾರಿ ಕ್ರೇಗ್ ಸೇರಿ ಹೊಸ ಕಾಯಿದೆ ತಂದರು. ಮರ ಕಡಿದರೂ ಬಿಟ್ಟರೂ, 1986ರಿಂದ 1999ರವರೆಗಿನ ಅತ್ಯುತ್ತಮ ಮೂರು ವರ್ಷಗಳ ಸರಾಸರಿ ಲೆಕ್ಕದಲ್ಲಿ ಹಣ. ಬಹುಪಾಲು ಶಾಲೆ, ರಸ್ತೆಗೆ. ದೊಡ್ಡ ಮೊತ್ತ ಪಡೆಯುವ ಕೌಂಟಿಗಳು 15ರಿಂದ 20 ಶೇಕಡಾ ತೆಗೆದಿಡಬೇಕು. ಅದರಲ್ಲಿ ಒಂದು ಪಾಲು ಸರ್ಕಾರಿ ಕಾಡಿನೊಳಗಿನ ಕೆಲಸಗಳಿಗೆ: ಹೊಳೆಗಳ ದುರಸ್ತಿ, ಕಾಡುರಸ್ತೆ, ಕಾಲುದಾರಿ. ಇನ್ನೊಂದು ಪಾಲು ಬೆಂಕಿ ತಡೆ, ಕಾಡಿನಲ್ಲಿ ಕಳೆದುಹೋದವರ ಹುಡುಕಾಟ ಇಂಥ ಕೌಂಟಿ ಕೆಲಸಗಳಿಗೆ.

ಕಾಡಿನೊಳಗಿನ ಕೆಲಸ ಆರಿಸಲು 15 ಜನರ ಸಮಿತಿ. ಐದು ಜನ ನಾಟಾ, ಕಾರ್ಮಿಕ, ಮನರಂಜನೆ ಕಡೆಯವರು, ಐದು ಜನ ಪರಿಸರ, ಇತಿಹಾಸದ ಕಡೆಯವರು, ಇನ್ನೈದು ಜನ ಚುನಾಯಿತರು, ಮೂಲನಿವಾಸಿಗಳು, ಶಿಕ್ಷಕರು ಇತ್ಯಾದಿ. ಒಟ್ಟು ಬಹುಮತ ಸಾಲದು, ಮೂರೂ ಗುಂಪಿನೊಳಗೆ ಪ್ರತ್ಯೇಕ ಬಹುಮತ ಬೇಕು. ಹತ್ತು ವರ್ಷ ಕೋರ್ಟಲ್ಲಿ ಕಿತ್ತಾಡಿದವರು ಒಂದೇ ಮೇಜಿನ ಸುತ್ತ! ಈ ಒಂದು ನಿಯಮ ಬರೆದವರಿಗೆ ನಾನು ಕಾಫಿ ಕೊಡಿಸಲು ಸಿದ್ಧ.

ಇನ್ನೊಂದು ಪಾಲಿಗೆ ಅಂಥ ಸಮಿತಿ ಇರಲಿಲ್ಲ, ಕೌಂಟಿಯೇ ನಿರ್ಧರಿಸುತ್ತಿತ್ತು. 2012ರಲ್ಲಿ ಸಂಸತ್ತಿನ ಲೆಕ್ಕಪರಿಶೋಧಕರು ನೋಡಿದಾಗ, ಕೆಲವು ಖರ್ಚು ಕಾಯಿದೆಗೆ ಹೊಂದುವುದೇ ಅನುಮಾನ, ಮೇಲಿನವರ ಉಸ್ತುವಾರಿಯೂ ಅಷ್ಟಕ್ಕಷ್ಟೇ ಅಂತ ಗೊತ್ತಾಯಿತು.

ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಕಾಯಿದೆಗೆ ಎಕ್ಸ್‌ಪೈರಿ ಡೇಟ್ ಇತ್ತು. 2006ರಲ್ಲಿ ಅವಧಿ ಮುಗಿಯಿತು. 2007ರ ಏಪ್ರಿಲ್‌ನಲ್ಲಿ ಜ್ಯಾಕ್ಸನ್ ಕೌಂಟಿಯ 15 ಲೈಬ್ರರಿಗಳೂ ಬಾಗಿಲು ಹಾಕಿದವು. ಅಕ್ಟೋಬರಿನಲ್ಲಿ ತೆರೆದಾಗ ನಡೆಸುತ್ತಿದ್ದದ್ದು ಖಾಸಗಿ ಕಂಪನಿ. ಜೋಸೆಫೀನ್ ಕೌಂಟಿಯಲ್ಲಿ 2012ರ ಹೊತ್ತಿಗೆ ಶೆರಿಫ್ ಕಚೇರಿಯ ಪೊಲೀಸರು ವಾರದ ದಿನಗಳಲ್ಲಿ, ಹಗಲು ಮಾತ್ರ. ಆ ವರ್ಷ ಒಬ್ಬ ಮಹಿಳೆ, ಮನೆಗೆ ಒಬ್ಬ ನುಗ್ಗುತ್ತಿದ್ದಾನೆ ಅಂತ ಫೋನ್ ಮಾಡಿದರೆ ಕಳಿಸಲು ಯಾರೂ ಇರಲಿಲ್ಲ. ಇಷ್ಟಾದರೂ ಪೊಲೀಸರಿಗಾಗಿ ಹೆಚ್ಚುವರಿ ತೆರಿಗೆಯ ಪ್ರಸ್ತಾಪ ಬಂದಾಗಲೆಲ್ಲ ಅಲ್ಲಿಯ ಜನ ಮತ್ತೆ ಮತ್ತೆ ಬೇಡ ಅಂದರು.

ಕಾಯಿದೆ ಆಮೇಲೂ ಸತ್ತು ಹುಟ್ಟುತ್ತಲೇ ಇದೆ. 2023ರ ನಂತರ ಮತ್ತೆ ನಿಂತಿತ್ತು, 2025ರ ಡಿಸೆಂಬರಿನಲ್ಲಿ ಮತ್ತೆ ಜೀವ ಬಂತು.

ಅದೇ ಜೋಸೆಫೀನ್ ಕೌಂಟಿಯ ಲೈಬ್ರರಿಗಳೂ 2007ರಲ್ಲಿ ಮುಚ್ಚಿದ್ದವು. ಊರಿನವರೇ ಒಂದು ಸಂಸ್ಥೆ ಕಟ್ಟಿ, ಚಂದಾ ಎತ್ತಿ, ಸ್ವಯಂಸೇವಕರನ್ನು ಕೂರಿಸಿ, ಒಂದೊಂದಾಗಿ ತೆರೆದರು. ಸುಮಾರು ಹತ್ತು ವರ್ಷ ಹಾಗೇ ನಡೆಸಿದರು. 2017ರಲ್ಲಿ ಲೈಬ್ರರಿಗೆ ಅಂತಲೇ ಸಾವಿರ ಡಾಲರಿಗೆ 39 ಸೆಂಟ್ ತೆರಿಗೆ ಕೇಳಿದಾಗ, ತೆರಿಗೆ ಅಂದರೆ ಮೈಮೇಲೆ ಬರುತ್ತಿದ್ದ ಅದೇ ಮತದಾರರು ಹೂಂ ಅಂದರು.