ಗುರು ಬಿಟ್ಟುಹೋದ ಆಸ್ತಿ: ಟಿ. ಎಸ್. ವೆಂಕಣ್ಣಯ್ಯನವರ ಸ್ಮರಣೆ

ಸಂಘ ಹುಟ್ಟಿದ ದಿನವನ್ನು ಆಚರಿಸುವಾಗ ಸಂಘ ಕಟ್ಟಿದ ಹಿರಿಯರನ್ನು ನೆನೆಯುವುದು ನಮ್ಮ ವಾಡಿಕೆ. ಈ ಸಲ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ, ಇಂದಿನ ಕನ್ನಡ ಪಾಠಕ್ಕೇ ಬುನಾದಿ ಹಾಕಿದ ಒಬ್ಬ ಮೇಷ್ಟರನ್ನು ನೆನೆಯೋಣ. ಅವರೇ ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರು. ನಮ್ಮಲ್ಲಿ ಹೆಚ್ಚಿನವರು ಎಂಜಿನಿಯರಿಂಗನ್ನೋ ವೈದ್ಯಕೀಯವನ್ನೋ ಓದಿಕೊಂಡು ಕಡಲು ದಾಟಿ ಬಂದವರು. ಅವರ ಹೆಸರನ್ನು ನಾವೆಲ್ಲ ಕೇಳಿರಲಿಕ್ಕಿಲ್ಲ. ಆದರೆ ಅವರ ಶಿಷ್ಯರ ಹೆಸರನ್ನು ಕೇಳದ ಕನ್ನಡಿಗರಿಲ್ಲ.

ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದರು. ಅವರ ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು. ಅದು ಮಳೆ ಕಡಿಮೆಯಾದ ಬಯಲುಸೀಮೆ. ಹೆಸರಿನ ಹಿಂದಿರುವ ಎರಡು ಅಕ್ಷರಗಳಲ್ಲಿ ಒಂದು ಆ ಊರಿನದು, ಇನ್ನೊಂದು ತಂದೆ ಸುಬ್ಬಣ್ಣನವರದು. ಎತ್ತರದ ಆಳು, ಆಜಾನುಬಾಹು. ಕಂಡವರೆಲ್ಲ ಆ ಎತ್ತರವನ್ನು ನೆನೆಯುತ್ತಾರೆ. ಅದರೊಡನೆಯೇ ಆ ಮನಸ್ಸಿನ ಮೃದುತ್ವವನ್ನೂ ನೆನೆಯುತ್ತಾರೆ.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಆ ಕಾಲದ ಸ್ಥಿತಿ ತಿಳಿದಿರಬೇಕು. 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆ ಯಾವುದೆಂದು ಭಾಷಣ ಮಾಡಬೇಕಾಗಿ ಬಂತು. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ಆದರೆ ಅಲ್ಲಿ ಕಲಿಕೆಯೆಲ್ಲ ಇಂಗ್ಲಿಷಿನಲ್ಲಿ. ಕನ್ನಡಿಗರದೇ ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ, ಅಂದರೆ 11 ವರ್ಷಗಳ ನಂತರ! ಕನ್ನಡ ಓದಿದರೆ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ಹೊರದೇಶದಲ್ಲಿ ಹುಟ್ಟಿದ್ದಲ್ಲ. ಅದು ಮೈಸೂರಿನ ಬೀದಿಯಲ್ಲೇ ಹುಟ್ಟಿದ್ದು.

ಆ ಪ್ರಶ್ನೆಗೆ ವೆಂಕಣ್ಣಯ್ಯನವರು ಭಾಷಣದಿಂದ ಉತ್ತರ ಕೊಡಲಿಲ್ಲ, ಪಾಠದಿಂದ ಕೊಟ್ಟರು. ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರೆಂದು ಇಂದಿಗೂ ಅವರ ಹೆಸರನ್ನೇ ಹೇಳುತ್ತಾರೆ. ಗೆಳೆಯರಾದ ಎ. ಆರ್. ಕೃಷ್ಣಶಾಸ್ತ್ರಿಗಳನ್ನೂ ಅವರನ್ನೂ ಜೊತೆಯಾಗಿ ಕನ್ನಡದ ಅಶ್ವಿನೀದೇವತೆಗಳೆಂದು ಕರೆಯುವುದುಂಟು. ಹಾಸಿಗೆ ಹಿಡಿದಿದ್ದ ಭಾಷೆಗೆ ಮದ್ದು ಕೊಟ್ಟ ವೈದ್ಯರು ಎಂಬರ್ಥದಲ್ಲಿ ಆ ಹೆಸರು ಒಪ್ಪುತ್ತದೆ. ಇಬ್ಬರೂ ಬಂಗಾಳಿ ಕಲಿತರು. ಇಬ್ಬರೂ ಸೇರಿ ರಾಮಕೃಷ್ಣ ಪರಮಹಂಸರ ಜೀವನಚರಿತ್ರೆಯನ್ನು ಕನ್ನಡಿಗರ ಕೈಗಿತ್ತರು. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಸಂಗ್ರಹಿಸಿ ಕೊಟ್ಟವರೂ ಇವರಿಬ್ಬರೇ. ಹರಿಹರನ ಬಸವರಾಜದೇವರ ರಗಳೆಯನ್ನು ವೆಂಕಣ್ಣಯ್ಯನವರು ಸಂಪಾದಿಸಿದರು. ತಾಳೆಗರಿಯಲ್ಲಿ ಮಲಗಿದ್ದ ಕವಿಗಳು ಹೀಗೆ ತರಗತಿಯ ಮೇಜಿನ ಮೇಲೆ ಎದ್ದು ಕುಳಿತರು.

ಆದರೂ ಅವರು ತಮ್ಮದೆಂದು ಬರೆದದ್ದು ಕಡಿಮೆಯೇ. ಮೇಷ್ಟರಾದವರ ಹೊತ್ತೆಲ್ಲ ಬೇರೆಯವರ ಬೆಳವಣಿಗೆಗೇ ಹೋಗುತ್ತದೆ. ಅದರಲ್ಲೊಂದು ಪಾಲು ಮನೆಗೂ ಸಂದಿತು. ತಮಗಿಂತ ಎರಡು ದಶಕ ಚಿಕ್ಕವರಾದ ತಮ್ಮ ತ. ಸು. ಶಾಮರಾಯರಿಗೆ ಅಣ್ಣನೇ ತಂದೆಯಂತಿದ್ದರು. ಶಾಮರಾಯರೂ ಮುಂದೆ ಕನ್ನಡದ ಮೇಷ್ಟರಾದರು. ‘ಮೂರು ತಲೆಮಾರು’ ಎಂಬ ಪುಸ್ತಕದಲ್ಲಿ ತಮ್ಮ ಮನೆತನದ ಕಥೆಯನ್ನು ಬರೆದಿಟ್ಟರು. ‘ದುರ್ಗಾಸ್ತಮಾನ’ ಬರೆದ ತ. ರಾ. ಸು. ಅವರೂ ಇದೇ ತಳುಕಿನ ಮನೆತನದವರು. ಒಂದು ಹಳ್ಳಿಯ ಒಂದು ಮನೆ ಕನ್ನಡಕ್ಕೆ ಎಷ್ಟನ್ನು ಕೊಡಬಹುದೆಂಬುದಕ್ಕೆ ಬೇರೆ ಉದಾಹರಣೆ ಬೇಕೆ?

ಇನ್ನು ಶಿಷ್ಯರ ಮಾತು. ತತ್ತ್ವಶಾಸ್ತ್ರದಲ್ಲಿ ಬಿ.ಎ. ಓದಿದ್ದ ಕುಪ್ಪಳಿಯ ಪುಟ್ಟಪ್ಪನವರು ವೆಂಕಣ್ಣಯ್ಯನವರ ಗರಡಿಯಲ್ಲಿ ಪಳಗಿ, 1929ರಲ್ಲಿ ಕನ್ನಡ ಎಂ.ಎ. ಆಗಿ ಹೊರಬಂದರು. ಅದೇ ಕಾಲೇಜಿನಲ್ಲಿ ಅಧ್ಯಾಪಕರೂ ಆದರು. 1936ರಲ್ಲಿ ಅವರು ‘ಶ್ರೀರಾಮಾಯಣ ದರ್ಶನಂ’ ಬರೆಯಲು ತೊಡಗಿದರು. ಕಾವ್ಯ ಇನ್ನೂ ನಡುದಾರಿಯಲ್ಲಿದ್ದಾಗಲೇ, 1939ರಲ್ಲಿ, ಗುರುಗಳು ತೀರಿಕೊಂಡರು. ಅವರಿಗಿನ್ನೂ 55 ತುಂಬಿರಲಿಲ್ಲ.

ಕುವೆಂಪು ಬರೆಯುವುದನ್ನು ನಿಲ್ಲಿಸಲಿಲ್ಲ. ಇನ್ನೂ ಏಳು ವರ್ಷ ದುಡಿದು, 22,000ಕ್ಕೂ ಮಿಕ್ಕಿದ ಸಾಲುಗಳ ಆ ಮಹಾಕಾವ್ಯವನ್ನು 1946ರಲ್ಲಿ ಮುಗಿಸಿದರು. ಅದನ್ನು ಅರ್ಪಿಸಿದ್ದು ರಾಜರಿಗಲ್ಲ, ಧನಿಕರಿಗಲ್ಲ. ಕಣ್ಮರೆಯಾಗಿದ್ದ ತಮ್ಮ ಮೇಷ್ಟರಿಗೆ. ಅರ್ಪಣೆಯ ಪದ್ಯದಲ್ಲಿ ಅವರು ಗುರುಗಳು ಎದುರಿಗೇ ಕುಳಿತಿದ್ದಾರೆಂಬಂತೆ ಮಾತಾಡಿಸುತ್ತಾರೆ, ಕೆಲಸ ಮುಗಿಸಿ ತಂದಿದ್ದೇನೆಂದು ಒಪ್ಪಿಸಿ ಆಶೀರ್ವಾದ ಬೇಡುತ್ತಾರೆ. ಆ ಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, 1967ರ ಸಾಲಿನ ಜ್ಞಾನಪೀಠವೂ ಬಂತು. ಪುಸ್ತಕ ತೆರೆದವರಿಗೆಲ್ಲ ಬಾಗಿಲಲ್ಲೇ ಕಾಣುವುದು ವೆಂಕಣ್ಣಯ್ಯನವರ ಹೆಸರು.

ಹಳಗನ್ನಡ ಕಾವ್ಯಗಳ ಶುದ್ಧಪಾಠಕ್ಕಾಗಿ ಬಾಳನ್ನೇ ಸವೆಸಿದ ಡಿ. ಎಲ್. ನರಸಿಂಹಾಚಾರ್ಯರೂ ವೆಂಕಣ್ಣಯ್ಯನವರ ಶಿಷ್ಯರೇ. ಜಿ. ಪಿ. ರಾಜರತ್ನಂ ಅವರೂ ಅಷ್ಟೇ. ರಾಜರತ್ನಂ ಹೆಸರು ಬಂದಾಗ ನಾವು ಸ್ವಲ್ಪ ನಿಲ್ಲಬೇಕು. ರಾಜ್ಯೋತ್ಸವದ ದಿನ ನಮ್ಮ ಪುಟಾಣಿಗಳು ವೇದಿಕೆ ಹತ್ತಿ, ಇಲ್ಲಿನ ಉಚ್ಚಾರದಲ್ಲಿ, ನಾಯಿಮರಿಯ ಹಾಡನ್ನೂ ತುತ್ತೂರಿಯ ಹಾಡನ್ನೂ ಹಾಡುತ್ತವಲ್ಲ, ಅವು ರಾಜರತ್ನಂ ಅವರವು. ತಳುಕಿನ ಮೇಷ್ಟರು ಶಿಷ್ಯನಿಗೆ ಕೊಟ್ಟ ಕನ್ನಡ, ಆ ಶಿಷ್ಯನಿಂದ ಮಕ್ಕಳ ಬಾಯಿಗೆ ಬಂದು, ನಮ್ಮ ಜೊತೆ ವಿಮಾನ ಹತ್ತಿ, ಈ ಊರಿನ ಬಾಡಿಗೆ ಸಭಾಂಗಣದವರೆಗೂ ಬಂದಿದೆ. ಗುರು ಬಿಟ್ಟುಹೋಗುವ ಆಸ್ತಿ ಎಂದರೆ ಇದೇ ಅಲ್ಲವೇ?

ಸಹೃದಯರೇ, ನಮ್ಮ ಸಂಘದಲ್ಲಿ ನಾಟಕಕ್ಕೆ ಪಾತ್ರಧಾರಿಗಳಿದ್ದಾರೆ, ಹಬ್ಬದ ಅಡಿಗೆಗೆ ಹತ್ತು ಕೈಗಳಿವೆ. ಶನಿವಾರದ ಕನ್ನಡ ತರಗತಿಗೆ ಮಾತ್ರ ಮೇಷ್ಟರು ಸಿಗುವುದು ಕಷ್ಟ. ಹತ್ತು ಮಕ್ಕಳು ಬಂದು, ಆರು ಮಕ್ಕಳು ಉಳಿದು, ಮೂವರು ಓದಲು ಕಲಿತರೆ ಅದೇನು ದೊಡ್ಡದು ಎಂದು ನಾವೇ ಒಮ್ಮೊಮ್ಮೆ ಬೇಸರಪಡುತ್ತೇವೆ. ಮೈಸೂರಿನ ಆ ಮೊದಲ ಎಂ.ಎ. ತರಗತಿಯಲ್ಲೂ ಕುಳಿತವರು ಕೈಬೆರಳೆಣಿಕೆಯ ಹುಡುಗರೇ. ಅವರಿಂದ ಏನಾಗಬಹುದೆಂದು ಅಂದು ಬೀದಿಯಲ್ಲಿ ಕೇಳಿದ್ದರೆ ಯಾರು ತಾನೆ ಹೇಳುತ್ತಿದ್ದರು?

ಮುಂದಿನ ವಾರ್ಷಿಕೋತ್ಸವದೊಳಗೆ ನಮ್ಮಲ್ಲಿ ಇನ್ನಿಬ್ಬರಾದರೂ ವಾರಕ್ಕೊಂದು ಗಂಟೆ ಸೀಮೆಸುಣ್ಣ ಹಿಡಿಯಲು ಮುಂದೆ ಬಂದರೆ, ವೆಂಕಣ್ಣಯ್ಯನವರ ಸಾಲಿನಲ್ಲಿ ನಮಗೂ ಒಂದು ಮೂಲೆಯಲ್ಲಿ ಜಾಗ ಸಿಕ್ಕೀತು.