ಬಾಟಲಿಯ ಮೇಲಿನ ಗೆರೆ

ಮಹಾಕಾವ್ಯದಲ್ಲಿ ಬರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಅದನ್ನು ಉದ್ಯಾನ, ಜಲಕ್ರೀಡೆಗಳ ಸಾಲಿನಲ್ಲಿಯೇ ಇರಿಸಿದ್ದಾನೆ. ನಮ್ಮ ಪಂಪನೂ 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯನ್ನು ವರ್ಣಿಸದೆ ಬಿಟ್ಟಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಂಪನನ್ನು ಪಾಠ ಹೇಳಿದ ನಾನು ಮಾತ್ರ, ಆ ಭಾಗ ಬಂದಾಗಲೆಲ್ಲ “ಇದನ್ನು ನೀವೇ ಓದಿಕೊಳ್ಳಿರಿ” ಎಂದು ಹೇಳಿ ಮುಂದಿನ ಪದ್ಯಕ್ಕೆ ದಾಟಿಬಿಡುತ್ತಿದ್ದೆ. ಒಮ್ಮೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸರ್, ಕವಿ ಇಷ್ಟೊಂದು ಬಗೆಯ ಮದ್ಯಗಳನ್ನು ಹೇಳುತ್ತಾನಲ್ಲ, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕು ಪಾರಾದೆ. ಆದರೆ ಉತ್ತರ ನನ್ನಲ್ಲಿರಲಿಲ್ಲ ಎಂಬುದು ನನಗೆ ತಿಳಿದಿತ್ತು.

ಆ ಪ್ರಶ್ನೆಗೆ ಉತ್ತರ ಹುಡುಕುವ ಸಂದರ್ಭ ನಿವೃತ್ತಿಯ ಅನಂತರ, ಬೆಳಗಾವಿಯ ಕ್ಯಾಂಪಿನಲ್ಲಿರುವ ಮಿತ್ರರೊಬ್ಬರ ಮನೆಯಲ್ಲಿ ಒದಗಿತು. ಅವರು ಸೇನೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾದವರು. ಪರದೇಶದಲ್ಲಿರುವ ಅವರ ಮಗ ಊರಿಗೆ ಬರುವಾಗ ಫ್ರಾನ್ಸಿನ ಎರಡು ಬ್ರಾಂದಿಗಳನ್ನು ತಂದಿದ್ದ. ಒಂದು ಕೊನ್ಯಾಕ್, ಇನ್ನೊಂದು ಆರ್ಮಾನ್ಯಾಕ್. “ಕುಡಿಯುವುದಕ್ಕಲ್ಲ, ಹೋಲಿಸಿ ನೋಡುವುದಕ್ಕೆ ಬನ್ನಿ” ಎಂದು ಡಾಕ್ಟರರು ಕರೆದರು. ನಾನು ಹೊರಟಾಗ ನನ್ನ ಶ್ರೀಮತಿ ಬಾಗಿಲಲ್ಲಿ ನಿಂತು, “ಜನ್ಮೆಲ್ಲಾ ರಸ ರಸ ಅಂತ ಪಾಠಾ ಹೇಳಿದ್ರಿ. ಈಗ ಅದನ್ನ ಗಿಲಾಸಿನ್ಯಾಗ ಹುಡುಕಾಕ ಹೊಂಟ್ರೇನು?” ಎಂದಳು. ಈ ಮಾತುಗಳನ್ನು ಕೇಳುತ್ತಿರುವ ಹಿರಿಯರೂ ಗಾಬರಿಯಾಗಬೇಕಿಲ್ಲ. ಕುಡಿತದ ಪ್ರಶಂಸೆ ನನ್ನ ಉದ್ದೇಶವಲ್ಲ. ಒಂದು ಹೆಸರಿನ ಚರಿತ್ರೆಯನ್ನು ಹೇಳುವುದಷ್ಟೇ ನನ್ನ ಉದ್ದೇಶ.

‘ಬ್ರಾಂದಿ’ ಎಂಬ ಮಾತು ನಮಗೆ ಇಂಗ್ಲಿಷರಿಂದ ಬಂದರೂ ಮೂಲತಃ ಅದು ಡಚ್ಚರ ‘ಬ್ರಾಂಡೆವೈನ್’. ಎಂದರೆ ಸುಟ್ಟ ವೈನು. ದ್ರಾಕ್ಷಿಯ ರಸ ಹುಳಿತರೆ ವೈನು. ಆ ವೈನನ್ನು ಕಾಯಿಸಿ, ಆವಿಯನ್ನು ತಣಿಸಿ ಹಿಡಿದರೆ ಬ್ರಾಂದಿ. 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಶ್ಚಿಮದ ಶಾರಾಂತ್ ನದಿಯ ಸೀಮೆಗೆ ಉಪ್ಪಿಗಾಗಿಯೂ ವೈನಿಗಾಗಿಯೂ ಡಚ್ಚರ ಹಡಗುಗಳು ಬರುತ್ತಿದ್ದವು. ಅಲ್ಲಿನ ತೆಳುವಾದ ವೈನು ಸಮುದ್ರಯಾನದಲ್ಲಿ ಕೆಡುತ್ತಿತ್ತು. ಭಟ್ಟಿಯಿಳಿಸಿದರೆ ಕೆಡುವುದಿಲ್ಲ, ಹಡಗಿನಲ್ಲಿ ಜಾಗವೂ ಕಡಿಮೆ ಸಾಕು. ಹೀಗೆ ವ್ಯಾಪಾರದ ಅನುಕೂಲಕ್ಕಾಗಿ ಹುಟ್ಟಿದ ವಸ್ತು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕುಳಿತಾಗ ಬಣ್ಣವನ್ನೂ ಪರಿಮಳವನ್ನೂ ಪಡೆಯಿತು. ಅದೇ ಕೊನ್ಯಾಕ್. ಅದೇ ಡಚ್ಚರ ಕಂಪನಿ ಆ ಶತಮಾನದಲ್ಲಿಯೇ ನಮ್ಮ ಘಟ್ಟದ ಕೆಳಗಿನ ವೆಂಗುರ್ಲೆಯಲ್ಲಿಯೂ ಒಂದು ಕೋಠಿಯನ್ನು ಕಟ್ಟಿತ್ತು.

ಕೊನ್ಯಾಕನ್ನು ತಾಮ್ರದ ಪಾತ್ರೆಯಲ್ಲಿ ಎರಡು ಸಲ ಭಟ್ಟಿಯಿಳಿಸಬೇಕೆಂಬುದು ಕಟ್ಟಳೆ. ಸುಮಾರು 9 ಲೀಟರ್ ವೈನಿನಿಂದ 1 ಲೀಟರ್ ಸಾರ ದೊರೆಯುತ್ತದೆ. ಕಡಿಮೆಯೆಂದರೆ 2 ವರ್ಷ ಅದು ಪೀಪಾಯಿಯಲ್ಲಿರಬೇಕು, ವಿ.ಎಸ್.ಒ.ಪಿ. ಎಂಬ ಅಕ್ಷರಗಳನ್ನು ಹಾಕಬೇಕಾದರೆ 4 ವರ್ಷ. ಫ್ರೆಂಚರ ಪದಾರ್ಥಕ್ಕೆ ಇಂಗ್ಲಿಷ್ ಅಕ್ಷರಗಳೇಕೆಂದರೆ, ಅದರ ದೊಡ್ಡ ಗಿರಾಕಿಗಳು ಇಂಗ್ಲಿಷರೇ ಆಗಿದ್ದರು. ಅಲ್ಲಿ ಅಂಗಡಿಯಿಟ್ಟವರಲ್ಲಿಯೂ ಹೊರಗಿನವರಿದ್ದರು: 1715ರ ಮಾರ್ಟೆಲ್ ಜರ್ಸಿ ದ್ವೀಪದವನು, 1765ರ ಹೆನೆಸ್ಸಿ ಐರ್ಲೆಂಡಿನವನು. ಪೀಪಾಯಿಯಿಂದ ವರ್ಷವರ್ಷವೂ ಶೇಕಡಾ 2ರಷ್ಟು ಆವಿಯಾಗಿ ಹೋಗುವುದನ್ನು ಅಲ್ಲಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ನಮ್ಮ ಕಡೆ ಮೊದಲ ತುತ್ತನ್ನು ಕಾಗೆಗೆ ಇಡುವುದು ನೆನಪಾಗುತ್ತದೆ.

ಆರ್ಮಾನ್ಯಾಕ್ ಹುಟ್ಟುವುದು ಇನ್ನೂ ದಕ್ಷಿಣಕ್ಕೆ, ಗ್ಯಾಸ್ಕನಿಯ ಒಳನಾಡಿನಲ್ಲಿ. ಅದನ್ನು ಹೆಚ್ಚಾಗಿ ಒಂದೇ ಸಲ ಭಟ್ಟಿಯಿಳಿಸುತ್ತಾರೆ. ಆದ್ದರಿಂದ ಅದು ಒರಟು, ಆದರೆ ಮೈಗೂಡಿದ ಒರಟು. ವಯಸ್ಸಿನಲ್ಲಿ ಕೊನ್ಯಾಕಿಗಿಂತ ಅದೇ ಹಿರಿಯದು. ಆ ಸೀಮೆಯ ಪಾದ್ರಿಯೊಬ್ಬ 1310ರಲ್ಲಿ ಬರೆದನೆನ್ನಲಾದ ಲ್ಯಾಟಿನ್ ಗ್ರಂಥದಲ್ಲಿ ಈ ‘ಜೀವಜಲ’ದ ನಲವತ್ತು ಗುಣಗಳ ಪಟ್ಟಿಯಿದೆ. ಎಂದರೆ ಬ್ರಾಂದಿ ಫ್ರಾನ್ಸಿನಲ್ಲಿಯೂ ಮೊದಲು ಔಷಧಿಯ ಕಪಾಟಿನಲ್ಲಿಯೇ ಕಣ್ತೆರೆಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಾವೀಗ ನಮ್ಮ ಊರಿಗೆ ಬರೋಣ.

1818ರ ಏಪ್ರಿಲ್ ತಿಂಗಳಲ್ಲಿ ಜನರಲ್ ಮನ್ರೋ ಬೆಳಗಾವಿಯ ಕೋಟೆಯನ್ನು ಹಿಡಿದ ಮೇಲೆ ಕೋಟೆಯ ಆಚೆಗೆ ದಂಡು ಬೀಡುಬಿಟ್ಟಿತು. ಅದೇ ನಮ್ಮ ಕ್ಯಾಂಪು. ಕೆಂಪು ಹಂಚಿನ ಬಂಗಲೆಗಳು, ನೇರ ರಸ್ತೆಗಳು, 1869ರ ಸೇಂಟ್ ಮೇರಿಸ್ ಚರ್ಚು ಎಲ್ಲವೂ ಆ ದಂಡಿನ ಬೆನ್ನಿಗೆ ಬಂದವು. 1880ರ ದಶಕದ ಕೊನೆಗೆ ರೈಲು ಬರುವವರೆಗೆ ಕ್ಯಾಂಪಿಗೆ ಬೇಕಾದ ವಿಲಾಯತಿ ಸಾಮಾನಿಗೆ ವೆಂಗುರ್ಲೆಯೇ ಬಂದರು; ಅಲ್ಲಿಂದ ಎತ್ತಿನ ಗಾಡಿಗಳು ಘಟ್ಟವನ್ನೇರಬೇಕಾಗಿತ್ತು. ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷರು ಬ್ರಾಂದಿಗೆ ನೀರು ಬೆರೆಸಿ ಕುಡಿಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ‘ಬ್ರಾಂದಿ-ಪಾನಿ’ ಎಂಬುದಕ್ಕೆ ಪ್ರತ್ಯೇಕ ನಮೂದೇ ಇದೆ.

ಆದರೆ ಆ ನಿಘಂಟು ಅಚ್ಚಾಗುವ ಹೊತ್ತಿಗೆ ಬ್ರಾಂದಿಯ ಬೇರಿಗೇ ಹುಳು ಹತ್ತಿತ್ತು. ಇದು ಅಲಂಕಾರದ ಮಾತಲ್ಲ. ಫಿಲಾಕ್ಸೆರಾ ಎಂಬ, ದ್ರಾಕ್ಷಿಯ ಬೇರಿನ ರಸ ಹೀರುವ ಒಂದು ಸಣ್ಣ ಕೀಟ ಅಮೇರಿಕೆಯಿಂದ ಬಂದು ಫ್ರಾನ್ಸಿನ ತೋಟಗಳನ್ನು ಒಣಗಿಸಿತು. 1868ರಲ್ಲಿ ವಿದ್ವಾಂಸರು ಅದನ್ನು ಗುರುತಿಸಿದರು. 1870ರ ದಶಕದಲ್ಲಿ ಅದು ಕೊನ್ಯಾಕ್ ಸೀಮೆಯನ್ನು ಹೊಕ್ಕಿತು. ಕೊನೆಗೆ ಆ ಕೀಟವನ್ನು ತಾಳಿಕೊಳ್ಳಬಲ್ಲ ಅಮೇರಿಕೆಯ ಬಳ್ಳಿಗಳ ಬುಡಕ್ಕೆ ಫ್ರಾನ್ಸಿನ ಕುಡಿಗಳನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಬೇಕಾಯಿತು. ಅಷ್ಟರೊಳಗೆ ಬ್ರಾಂದಿ ದುರ್ಲಭವಾಗಿ, ಇಂಗ್ಲಿಷರು ಸ್ಕಾಟ್‌ಲೆಂಡಿನ ವಿಸ್ಕಿಗೆ ಹೊರಳಿದ್ದರು. ಸಾಹೇಬರ ಮೇಜಿನ ಮೇಲೆ ಬ್ರಾಂದಿ-ಸೋಡಾದ ಸ್ಥಾನದಲ್ಲಿ ವಿಸ್ಕಿ-ಸೋಡಾ ಬಂದು ಕುಳಿತಿತು. ವಸ್ತು ಹಿಂದೆ ಸರಿಯಿತು. ಹೆಸರು ಮಾತ್ರ ನಮ್ಮ ನಾಡಿನಲ್ಲಿ ಉಳಿಯಿತು.

ಅದು ಉಳಿದುಕೊಂಡ ಬಗೆ ವಿಚಿತ್ರವಾದುದು. ಸಾಹೇಬರ ಮೇಜಿನಿಂದ ಇಳಿದ ಬ್ರಾಂದಿ ನಮ್ಮ ಬಾಣಂತಿಯ ಕೋಣೆಗೆ ಹೊಕ್ಕಿತು. ಶೀತಕ್ಕೆ, ನಡುಕಕ್ಕೆ, ಹೆರಿಗೆಯ ನಿತ್ರಾಣಕ್ಕೆ ಎರಡು ಚಮಚ ಬ್ರಾಂದಿ ಎಂಬುದು ಮದ್ಯದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಮನೆಗಳಲ್ಲಿಯೂ ಮಾನ್ಯವಾದ ಮಾತಾಗಿತ್ತು. ಅದು ಮೈಗೆ ಬಿಸುಪು ಕೊಟ್ಟಂತೆ ತೋರಿದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಹಾಕುತ್ತದೆಂದೂ, ಕೂಸಿಗೂ ಹಾಲೂಡಿಸುವ ತಾಯಿಗೂ ಅದು ಸಲ್ಲದೆಂದೂ ಇಂದಿನ ವೈದ್ಯರು ಹೇಳುತ್ತಾರೆ. ಅಂದು ಹಾಗೆ ಹೇಳುವವರಿರಲಿಲ್ಲ.

ಆಗ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿರೋಧ ಕಾಯಿದೆ ನಮ್ಮ ಜಿಲ್ಲೆಗೂ ಬಂತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪಾನನಿರೋಧ ನಮ್ಮೊಂದಿಗೇ ಬಂದು, 1967ರವರೆಗೆ ಉಳಿಯಿತು. ಈ ಕಾಯಿದೆಯ ಮೇಲೆ ಸುಪ್ರೀಂ ಕೋರ್ಟು 1951ರಲ್ಲಿ ಒಂದು ಪ್ರಸಿದ್ಧ ತೀರ್ಪನ್ನು ಕೊಟ್ಟಿತು. ಮದ್ಯಸಾರವಿರುವ ಔಷಧಿಗಳಿಗೆ ಕಾಯಿದೆ ಹಾಕಿದ್ದ ಕಟ್ಟು ಸಲ್ಲದೆಂದಿತು. ಸೇನೆಯ ಮೆಸ್ಸು ಮತ್ತು ಕ್ಯಾಂಟೀನುಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ಎತ್ತಿಹಿಡಿಯಿತು. ಕ್ಯಾಂಪಿರುವ ಬೆಳಗಾವಿಯಂಥ ಊರಿನಲ್ಲಿ ಇದರ ಅರ್ಥವೇನು? ಮೆಸ್ಸಿನ ಬೇಲಿಯ ಒಳಗೆ ಪಾನ ನಿಯಮಬದ್ಧ. ಅದೇ ಬೇಲಿಯ ಹೊರಗೆ ಅದು ಅಪರಾಧ. ಔಷಧಿಯ ಅಂಗಡಿಯಲ್ಲಿ ಅದು ಚಿಕಿತ್ಸೆ. ಮೂರು ಗೆರೆಗಳು ಒಂದೇ ಊರಿನಲ್ಲಿ.

ನಾಲ್ಕನೆಯ ಗೆರೆಯೊಂದು ನಮ್ಮ ಮನೆಯಲ್ಲಿಯೇ ಇತ್ತು. ನಾವು ಆಗ ಖಾನಾಪುರದಲ್ಲಿದ್ದೆವು. ನಮ್ಮ ಅಜ್ಜನವರು 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರಾಗಿದ್ದವರು. ಖಾದಿಯನ್ನಲ್ಲದೆ ಬೇರೆ ಬಟ್ಟೆ ಮುಟ್ಟಿದವರಲ್ಲ. 1966ರಲ್ಲಿ ನನ್ನ ತಂಗಿ ಹುಟ್ಟಿದಾಗ ತಾಯಿಗೆ ಜ್ವರ ಬಂದು ವಿಪರೀತ ನಿತ್ರಾಣವಾಯಿತು. ಡಾಕ್ಟರರು ಚೀಟಿ ಬರೆದುಕೊಟ್ಟರು. ಅಜ್ಜನವರು ಇಡೀ ದಿನ ಊಟ ಬಿಟ್ಟು ಕುಳಿತಿದ್ದು, ಸಂಜೆಗೆ ತಾವೇ ಹೋಗಿ ಬಾಟಲಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ತಂದರು. ಗಾಂಧೀಜಿಯ ಪಟವಿದ್ದ ಗೋಡೆಯ ಕಪಾಟಿನಲ್ಲಿ ಅದನ್ನು ಇಡಲು ಮನಸ್ಸಾಗದೆ ದೇವರ ಮನೆಯ ಹೊರಗಿನ ಗೂಡಿನಲ್ಲಿಟ್ಟರು. ದಿನಕ್ಕೆ ಎರಡು ಚಮಚ. ಪ್ರತಿ ರಾತ್ರಿ ಬಾಟಲಿಯ ಮೇಲೆ, ಒಳಗಿನ ಮಟ್ಟ ಎಲ್ಲಿಗಿದೆಯೋ ಅಲ್ಲಿ ಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಆ ಗೆರೆಯನ್ನು. ಆರು ವರ್ಷದ ನನಗೆ ಆ ದಿನಗಳಿಂದ ಉಳಿದದ್ದು ಎರಡು: ಸಾಲುಸಾಲಾದ ಬಿಳಿಯ ಗೆರೆಗಳು ಮತ್ತು ಆ ಬ್ರಾಂದಿಯ ಸಿಹಿಯಾದ ಘಮ.

ಈಗ ಡಾಕ್ಟರರ ಮನೆಗೆ ಮರಳೋಣ. ನಾವು ನಾಲ್ವರಿದ್ದೆವು. ನಾಲ್ಕು ಗಾಜಿನ ಲೋಟಗಳಿಗೆ ಅಂಕಿ ಅಂಟಿಸಿ, ಒಂದೊಂದರಲ್ಲಿ ಎರಡೆರಡು ಚಮಚದಷ್ಟು ಹಾಕಿದ್ದರು. ಕೊನ್ಯಾಕ್, ಆರ್ಮಾನ್ಯಾಕ್; ಮೂರನೆಯದು ಪೇಟೆಯ ಅಂಗಡಿಯಿಂದ ತಂದ ನಮ್ಮ ದೇಶದ ಬ್ರಾಂದಿ; ನಾಲ್ಕನೆಯದು ಪಕ್ಕದ ಮನೆಯ ಗೋವಾ ಮೂಲದ ಬಾಯಿಯವರು ಕಳಿಸಿದ ಗೇರುಹಣ್ಣಿನ ಫೆನಿ. ಯಾವ ಲೋಟದಲ್ಲಿ ಯಾವುದೆಂಬುದು ಡಾಕ್ಟರರಿಗೊಬ್ಬರಿಗೇ ಗೊತ್ತು. ಮೊದಲು ಮೂಸಬೇಕು, ಆಮೇಲೆ ನಾಲಗೆಗೆ ಸೋಕಿಸಬೇಕು, ನಡುವೆ ನೀರು ಮುಕ್ಕಳಿಸಬೇಕು, ಬರೆದಿಡಬೇಕು.

ಫೆನಿಯನ್ನು ಎಲ್ಲರೂ ಒಮ್ಮೆಗೇ ಗುರುತಿಸಿದೆವು. ಅದು ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತದೆ. ಒಂದು ಲೋಟದಲ್ಲಿ ಜರ್ದಾಳುವಿನ ಮತ್ತು ಯಾವುದೋ ಹೂವಿನ ತೆಳುವಾದ ಪರಿಮಳವಿತ್ತು. ಇನ್ನೊಂದರಲ್ಲಿ ಉತ್ತತ್ತಿ, ಮನೂಕ, ಹಳೆಯ ಮರದ ಪೆಟ್ಟಿಗೆ ತೆರೆದಂಥ ಗಂಧ. ಮತ್ತೊಂದು ಸಿಹಿ, ದುಂಡು, ಪರಿಚಿತ. ನಾನು ಆ ಸಿಹಿಯಾದುದನ್ನೇ ಎತ್ತಿ ಹಿಡಿದು, “ಇದೇ ನಿಜವಾದ ಫ್ರೆಂಚ್ ಬ್ರಾಂದಿ, ಇದೇ ಎಲ್ಲಕ್ಕಿಂತ ಹಳೆಯದು” ಎಂದು ಪ್ರಾಧ್ಯಾಪಕನಿಗೆ ಸಹಜವಾದ ದೃಢತೆಯಿಂದ ತೀರ್ಪು ಕೊಟ್ಟೆ. ಡಾಕ್ಟರರು ಚೀಟಿ ಬಿಡಿಸಿದರು. ಅದು ಪೇಟೆಯ ಅಂಗಡಿಯದು!

ನಗು ಅಡಗಿದ ಮೇಲೆ ಡಾಕ್ಟರರು ಹೇಳಿದರು: “ನೀವು ರುಚಿ ನೋಡಲಿಲ್ಲ, ನೆನಪು ಮಾಡಿಕೊಂಡಿರಿ.” ಆ ಮಾತು ನನಗೆ ನಾಟಿತು. ಕಾವ್ಯವನ್ನು ಸವಿಯಬೇಕಾದರೆ ಸಹೃದಯನಲ್ಲಿ ಮೊದಲೇ ‘ವಾಸನೆ’ ಇರಬೇಕೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ವಾಸನೆಯೆಂದರೆ ಸಂಸ್ಕಾರ. ಆದರೆ ನಮ್ಮ ಆಡುಮಾತಿನಲ್ಲಿ ವಾಸನೆಯೆಂದರೆ ಮೂಗಿಗೆ ಬರುವ ವಾಸನೆಯೇ. ಆ ದಿನ ಎರಡೂ ಅರ್ಥಗಳು ಒಂದೇ ಲೋಟದಲ್ಲಿ ಕೂಡಿದ್ದವು. ವಾಸನೆಯಿಲ್ಲದೆ ರಸವಿಲ್ಲ, ನಿಜ. ಆದರೆ ವಾಸನೆಯೊಂದನ್ನೇ ನಂಬಿದರೆ ವಿವೇಕವಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ.

ಹಾಗಾದರೆ ಆ ಮೂರನೆಯ ಬಾಟಲಿಯಲ್ಲಿದ್ದದ್ದೇನು? 2018ರ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡಗಳ ಪ್ರಕಾರ, ‘ಇಂಡಿಯನ್ ಬ್ರಾಂದಿ’ ಎನಿಸಿಕೊಳ್ಳಲು ದ್ರಾಕ್ಷಿಯ ಬ್ರಾಂದಿ ಶೇಕಡಾ 2ರಷ್ಟಿದ್ದರೆ ಸಾಕು. ಉಳಿದದ್ದು ಬೇರೆ ಮದ್ಯಸಾರವಾಗಬಹುದು. ನಮ್ಮ ದೇಶದಲ್ಲಿ ಅದು ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬರುವಂಥದು. ಬೆಳಗಾವಿ ಕಬ್ಬಿನ ಜಿಲ್ಲೆ. ಇದು ನಮಗೆ ಹೊಸ ಮಾತಲ್ಲ. ಆದರೆ ಇದೇ ಜಿಲ್ಲೆಯ ಅಥಣಿಯ ಕಡೆ, ಪಕ್ಕದ ವಿಜಯಪುರದಲ್ಲಿ, ದ್ರಾಕ್ಷಿಯೂ ಬೆಳೆಯುತ್ತದೆ. ಅದರಲ್ಲಿ ಬಹಳಷ್ಟು ಒಣದ್ರಾಕ್ಷಿಯಾಗಿ ಪೇಟೆಗೆ ಹೋಗುತ್ತದೆ. ದ್ರಾಕ್ಷಿಯ ಹೆಸರನ್ನು ಕಬ್ಬು ಹೊತ್ತು ತಿರುಗುತ್ತಿದೆ. ಇತ್ತ ಗೋವೆಯವರು ತಮ್ಮ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದರು. ಪೋರ್ತುಗೀಜರು ಬ್ರೆಜಿಲ್ಲಿನಿಂದ ತಂದ ಗಿಡದ ಹಣ್ಣೇ ಆದರೂ, ಫೆನಿ ಎಂದರೆ ಫೆನಿಯೇ. ಕೊನ್ಯಾಕಿನವರೂ ಅಷ್ಟೇ: ಹೆಸರಿಗೂ ನೆಲಕ್ಕೂ ಇರುವ ನಂಟನ್ನು ಬಿಟ್ಟುಕೊಡಲಿಲ್ಲ.

ಕುಡಿತ ಎಷ್ಟು ಮನೆಗಳನ್ನು ಕೆಡಿಸಿದೆಯೆಂಬುದನ್ನು ನಾನು ಬಲ್ಲೆ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಒಂದು ಮಾತು. ನಾವು ಈ ವಸ್ತುವನ್ನು ಒಮ್ಮೆ ಔಷಧಿಯೆಂದೆವು, ಒಮ್ಮೆ ಪಾಪವೆಂದೆವು, ಒಮ್ಮೆ ಬೊಕ್ಕಸದ ಆದಾಯವೆಂದೆವು. ಬಾಟಲಿಯೊಳಗೆ ಏನಿದೆಯೆಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಬಾಣಂತಿಗೆ ಅದನ್ನು ಕೊಡುತ್ತಿರಲಿಲ್ಲ. ಕಬ್ಬಿಗೆ ದ್ರಾಕ್ಷಿಯ ಹೆಸರನ್ನೂ ಕೊಡುತ್ತಿರಲಿಲ್ಲ.

ಆ ರಾತ್ರಿ ಮನೆಗೆ ಬಂದು ತೊಂಬತ್ತರ ಸಮೀಪದಲ್ಲಿರುವ ನನ್ನ ತಾಯಿಗೆ ನನ್ನ ಸೋಲಿನ ಕಥೆ ಹೇಳಿದೆ. ನಿಮ್ಮ ಬಾಣಂತನದ ಬ್ರಾಂದಿಯ ಘಮವೇ ನನ್ನನ್ನು ಮೋಸಗೊಳಿಸಿತು ಎಂದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಹೇಳಿದರು: “ನಾ ಎಲ್ಲಿ ಕುಡದೇನೋ ಅದನ್ನ? ಹಸುಗೂಸು ಮೊಲಿ ಕುಡೀತಿತ್ತು, ಮನಸ್ಸ ಬರಲಿಲ್ಲ. ದಿನಾ ಎರಡ ಚಮಚ ಬಚ್ಚಲಕ್ಕ ಸುರುವತಿದ್ದೆ. ನಿಮ್ಮ ಅಜ್ಜಾ ಅವರು ಗೆರಿ ನೋಡಿ ಸಮಾಧಾನ ಆಗತಿದ್ರು.”

ಅಜ್ಜನವರ ಗೆರೆ ದಿನವೂ ಸರಿಯಾಗಿಯೇ ಇಳಿಯುತ್ತಿತ್ತು. ನಾನು ಮೊದಲ ಸ್ಥಾನ ಕೊಟ್ಟದ್ದು ನಮ್ಮ ಮನೆಯ ಬಚ್ಚಲಿನ ವಾಸನೆಗೆ.